ಚಂದ್ರಕಾಂತವೋ, ಲ್ಯಾಬ್ರಡೊರೈಟೋ?

ಉಂಗುರಕ್ಕೆ ಚಂದ್ರಕಾಂತ (ಮೂನ್‌ಸ್ಟೋನ್) ಒಳ್ಳೆಯದೋ, ಲ್ಯಾಬ್ರಡೊರೈಟ್ ಕಲ್ಲು ಒಳ್ಳೆಯದೋ ಅಂತ ಕೇಳಿದ್ದೀರಿ. ಗಟ್ಟಿತನದಲ್ಲಿ ಎರಡೂ ಒಂದೇ, ಕಲ್ಲಿನ ಗಟ್ಟಿತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಹ್ಸ್ ಅಳತೆಯಲ್ಲಿ 6ರಿಂದ 6.5. ಎರಡೂ ಫೆಲ್ಡ್‌ಸ್ಪಾರ್ ಅನ್ನುವ ಖನಿಜಗಳ ಗುಂಪಿನವು, ಜೋರಾಗಿ ತಾಗಿದರೆ ಸೀಳಬಹುದು. ದಿನಾ ಪಾತ್ರೆ ತೊಳೆಯುವ ಕೈಗೆ ಎರಡೂ ಬೇಡ. ಪದಕಕ್ಕೋ ಓಲೆಗೋ ಹಾಕಿಸಿ.

ವ್ಯತ್ಯಾಸ ಇರುವುದು ಬೆಳಕಿನಲ್ಲಿ. ಒಳ್ಳೆಯ ಚಂದ್ರಕಾಂತವನ್ನು ಮೆಲ್ಲಗೆ ಓರೆ ಮಾಡಿ ನೋಡಿ, ಹಾಲಿನೊಳಗೆ ನೀಲಿ ಮಿಂಚು ತೇಲಿದ ಹಾಗಿರುತ್ತದೆ. ಬೆಳದಿಂಗಳು ಬಿದ್ದರೆ ಇದು ನೀರು ಒಸರುತ್ತದೆ ಅಂತ ಸಂಸ್ಕೃತ ಕವಿಗಳು ಬರೆದಿದ್ದಾರೆ. ಬರೀ ಕಲ್ಪನೆ, ಆದರೂ ಚೆಂದ ಅಲ್ವಾ? ಲ್ಯಾಬ್ರಡೊರೈಟ್ ನೋಡಲು ಬೂದು ಕಲ್ಲು. ತಿರುಗಿಸಿದಾಗ ಥಟ್ಟನೆ ನವಿಲುಗರಿಯ ಬಣ್ಣ.

ತಿಳಿಯಾದ, ನೀಲಿ ಹೊಳಪಿನ ಚಂದ್ರಕಾಂತಕ್ಕೆ ಬೆಲೆ ಜಾಸ್ತಿ. ಕಡಿಮೆ ಖರ್ಚಿನಲ್ಲಿ ದೊಡ್ಡ ಪದಕ ಬೇಕಿದ್ದರೆ ಲ್ಯಾಬ್ರಡೊರೈಟ್ ಸರಿ. ಅಂದಹಾಗೆ, ‘ರೇನ್‌ಬೋ ಮೂನ್‌ಸ್ಟೋನ್’ ಅಂತ ಮಾರುವುದು ನಿಜಕ್ಕೂ ಬಿಳಿ ಲ್ಯಾಬ್ರಡೊರೈಟ್.