ಅನಾನಸಿನಿಂದ ಕಟ್ಟಿಗೆಯವರೆಗೆ: ಕ್ರೀಡ್ ಅವೆಂಟಸ್

2010ರಲ್ಲಿ ಬಂದ ಕ್ರೀಡ್ ಕಂಪನಿಯ ಅವೆಂಟಸ್ ಸುಗಂಧವನ್ನು ವಿಜಯಪುರದ ಬೇಸಿಗೆಯಲ್ಲಿ ಹಚ್ಚಿಕೊಂಡರೆ ಮೊದಲು ಮೂಗಿಗೆ ಬಡಿಯುವುದು ಆಗಷ್ಟೇ ಹೆಚ್ಚಿದ ಅನಾನಸಿನ ಹುಳಿಸಿಹಿ ಘಮ. ಅದರ ಬೆನ್ನಿಗೇ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಚುರುಕು. ಈ ಅಂಶಗಳು ಬೇಗ ಆವಿಯಾಗುವುದರಿಂದ ಬಿಸಿ ಚರ್ಮದ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನನಗೆ ನಿಜವಾಗಿ ಹಿಡಿಸಿದ್ದು ಆಮೇಲಿನ ಭಾಗ: ಬರ್ಚ್ ಮರದ ತೆಳು ಹೊಗೆ ಹಣ್ಣಿನ ಸಿಹಿಯೊಳಗೆ ಮೆಲ್ಲಗೆ ಬೆರೆತು, ಪಚ್ಚೆತೆನೆ (ಪ್ಯಾಚೌಲಿ) ಎಲೆಯ ಮಣ್ಣುಗಂಪು ಅದಕ್ಕೆ ಆಧಾರವಾಗಿ ನಿಂತು, ಮಣಿಕಟ್ಟಿನ ಮೇಲೆ ಒಣ ಕಟ್ಟಿಗೆಯ ಗಂಭೀರ ಪರಿಮಳ ಮೂಡುತ್ತದೆ. ಕೊನೆಯ ಕಸ್ತೂರಿಯ ಛಾಯೆ ಚರ್ಮಕ್ಕಿಂತ ಅಂಗಿಯ ಕಾಲರಿನಲ್ಲಿ ಹೆಚ್ಚು ಬಾಳುತ್ತದೆ. ಬೆಲೆ ಮಾತ್ರ ಬಹಳ ದುಬಾರಿ. ಗೋಳಗುಮ್ಮಟದ ಅಂಗಳದಲ್ಲಿ ಬಿಸಿಲಿಗೆ ಅಡ್ಡಾಡುವ ದಿನ ಎರಡು ಸಲ ಸಿಂಪಡಿಸಿದರೆ ಸಾಕು. ಹೆಚ್ಚಾದರೆ ಸಿಹಿಯೇ ಮೂಗಿಗೆ ಅಡರಿ ಕಟ್ಟಿಗೆಯ ಸೂಕ್ಷ್ಮ ತಿಳಿಯುವುದಿಲ್ಲ.