ಎಲ್‌ಟಿಸಿ4365 ಬಳಕೆಯ ಅನುಭವ: ಟ್ರಿಪ್ ಆಗುವ ವೋಲ್ಟೇಜಿಗಿಂತ ವಾಪಸ್ ಆನ್ ಆಗುವ ವೋಲ್ಟೇಜ್ ಮುಖ್ಯ

12 ವೋಲ್ಟ್ ಬ್ಯಾಟರಿ ಮೇಲೆ ಓಡುವ ಬೋರ್ಡುಗಳಿಗೆ ಕೆಲವು ವರ್ಷಗಳಿಂದ ಎಲ್‌ಟಿಸಿ4365 ಐಸಿಯನ್ನೇ ಹಾಕುತ್ತಿದ್ದೇನೆ. ಇದರ ಕೆಲಸ ಸರಳ. ಒಳಗೆ ಬರುವ ವೋಲ್ಟೇಜ್ ನಾವು ಹಾಕಿದ ಎರಡು ಮಿತಿಗಳ ನಡುವೆ ಇದ್ದರೆ ಸ್ವಿಚ್‌ನಂತೆ ಕೆಲಸ ಮಾಡುವ ಎರಡು ಎನ್-ಚಾನೆಲ್ ಮಾಸ್ಫೆಟ್‌ಗಳನ್ನು ಆನ್ ಮಾಡುತ್ತದೆ, ಇಲ್ಲದಿದ್ದರೆ ಆಫ್. ಹೀಗೆ ಆಫ್ ಆಗುವುದನ್ನೇ ಟ್ರಿಪ್ ಅನ್ನುವುದು. 2.5ರಿಂದ 34 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಮೈನಸ್ 40ರಿಂದ ಪ್ಲಸ್ 60 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಬ್ಯಾಟರಿ ವೈರ್ ಉಲ್ಟಾ ಕೊಟ್ಟರೂ ಮುಂದಿನ ಸರ್ಕ್ಯೂಟ್ ಉಳಿಯುತ್ತದೆ. ಈ ವಿಷಯದಲ್ಲಿ ನನಗೆ ಒಂದೂ ದೂರಿಲ್ಲ.

ನಿಜವಾದ ಕೆಲಸ ಇರುವುದು ಮಿತಿ ಹಾಕುವುದರಲ್ಲಿ. ಯುವಿ ಪಿನ್ ಕಡಿಮೆ ವೋಲ್ಟೇಜ್ ನೋಡುತ್ತದೆ, ಓವಿ ಪಿನ್ ಜಾಸ್ತಿ ವೋಲ್ಟೇಜ್ ನೋಡುತ್ತದೆ. ಎರಡೂ 0.5 ವೋಲ್ಟಿಗೆ ಹೋಲಿಸುತ್ತವೆ. ಮೂರು ರೆಸಿಸ್ಟರ್ ಸಾಲಾಗಿ ಹಾಕಿದರೆ ಎರಡೂ ಮಿತಿ ಸಿಗುತ್ತವೆ. ಉದಾಹರಣೆಗೆ ಮೇಲೆ 1.69 ಮೆಗಾ ಓಮ್, ನಡುವೆ 43.2 ಕಿಲೋ ಓಮ್, ಕೆಳಗೆ 56.2 ಕಿಲೋ ಓಮ್. ಒಟ್ಟು 1789.4 ಕಿಲೋ. ಕೆಳಗಿನ ಮಿತಿ 9.0 ವೋಲ್ಟ್, ಮೇಲಿನದು 15.9 ವೋಲ್ಟ್. ಐದು ನಿಮಿಷದ ಲೆಕ್ಕ.

ಆದರೆ ಇದು ಅರ್ಧ ಲೆಕ್ಕ ಮಾತ್ರ. ಐಸಿಯ ಹೋಲಿಕೆಯಲ್ಲೇ ಶೇಕಡಾ 1.5 ಆಚೀಚೆ ಇರುತ್ತದೆ. ಶೇಕಡಾ 1ರ ರೆಸಿಸ್ಟರ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಪ್ಪಿದರೆ ಇನ್ನೂ ಹೆಚ್ಚುಕಡಿಮೆ ಶೇಕಡಾ 2 ಸೇರುತ್ತದೆ. ಆಗ 15.9 ಅಂತ ಬರೆದುಕೊಂಡ ಮಿತಿ 15.4ರಲ್ಲೂ ಟ್ರಿಪ್ ಆಗಬಹುದು, 16.5ರಲ್ಲೂ ಆಗಬಹುದು. ಮುಂದಿರುವ ಕನ್ವರ್ಟರ್ (ಬೋರ್ಡಿಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಸರ್ಕ್ಯೂಟ್) 18 ವೋಲ್ಟ್ ತಡೆಯುವಂಥದ್ದಾದರೆ ಪರವಾಗಿಲ್ಲ. 16 ವೋಲ್ಟಿನದ್ದಾದರೆ ಈ ಮಿತಿ ಸುಮ್ನೆ ಕಾಗದದ ಮೇಲಿನ ರಕ್ಷಣೆ ಅಷ್ಟೇ.

ವಾಪಸ್ ಆನ್ ಆಗುವ ವೋಲ್ಟೇಜನ್ನೂ ಅದೇ ಕಾಗದದಲ್ಲಿ ಬರೆದುಕೊಳ್ಳಬೇಕು. ಪಿನ್‌ನಲ್ಲಿ ಹಿಸ್ಟರಿಸಿಸ್ (ಆಫ್ ಆಗುವ ಮತ್ತು ವಾಪಸ್ ಆನ್ ಆಗುವ ವೋಲ್ಟೇಜ್‌ಗಳ ನಡುವಿನ ಅಂತರ) ಸುಮಾರು 25 ಮಿಲಿವೋಲ್ಟ್, ಅಂದರೆ ಶೇಕಡಾ 5. ಮೇಲಿನ ರೆಸಿಸ್ಟರ್‌ಗಳಲ್ಲಿ 15.9ಕ್ಕೆ ಆಫ್ ಆದದ್ದು 15.1ಕ್ಕೆ ಇಳಿದ ಮೇಲೇ ಆನ್ ಆಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್ ಇರುವುದು ಸಾಮಾನ್ಯ. ಮೇಲೆ ಹೇಳಿದ ಆಚೀಚೆ, ಅಂದರೆ ಟಾಲರೆನ್ಸ್, ಎಲ್ಲ ಕೆಟ್ಟ ಕಡೆಗೇ ಬಿದ್ದರೆ 15.1 ಅನ್ನುವುದು 14.4ರ ಹತ್ತಿರಕ್ಕೇ ಬಂದುಬಿಡುತ್ತದೆ. ಒಂದು ಸ್ಪೈಕ್‌ಗೆ ಟ್ರಿಪ್ ಆದ ಬೋರ್ಡು ಚಾರ್ಜಿಂಗ್ ಮುಗಿಯುವವರೆಗೆ ಸತ್ತಂತೆ ಬಿದ್ದಿರಬಹುದು. ಇದಕ್ಕೇ ನಾನು ಡಿವೈಡರ್‌ನಲ್ಲಿ (ಮಿತಿ ಹಾಕುವ ರೆಸಿಸ್ಟರ್ ಸಾಲಿನಲ್ಲಿ) ಶೇಕಡಾ 0.1ರ ರೆಸಿಸ್ಟರ್ ಬಳಸುತ್ತೇನೆ. ಇಲ್ಲಿ ಉಳಿತಾಯ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೆಳಗಿನ ಮಿತಿಯ ಕಥೆ ಇನ್ನೂ ಕಷ್ಟದ್ದು. ಒಮ್ಮೆ ಒಂದು ಕಡೆ ಬ್ಯಾಟರಿಯಿಂದ ಬೋರ್ಡಿಗೆ ವೈರ್ ಉದ್ದ ಇತ್ತು. ಹೋಗಿಬರುವ ದಾರಿ ಸೇರಿ 0.2 ಓಮ್, ಲೋಡ್ 3 ಆಂಪಿಯರ್. ಅಂದರೆ ವೈರ್‌ನಲ್ಲೇ 0.6 ವೋಲ್ಟ್ ಹೋಗುತ್ತದೆ. ಬ್ಯಾಟರಿ 9.5ಕ್ಕೆ ಇಳಿದಾಗ ಬೋರ್ಡಿಗೆ ಸಿಗುವುದು 8.9. ಟ್ರಿಪ್. ಲೋಡ್ ಹೋದ ಕೂಡಲೇ ವೋಲ್ಟೇಜ್ ಮತ್ತೆ 9.5ಕ್ಕೆ ಏರುತ್ತದೆ. ವಾಪಸ್ ಆನ್ ಆಗುವುದು 9.45ಕ್ಕೆ, ಅಲ್ವಾ? 36 ಮಿಲಿಸೆಕೆಂಡ್ ಕಾದು ಮತ್ತೆ ಆನ್, ಮತ್ತೆ ಟ್ರಿಪ್. ಸ್ಕೋಪ್‌ನಲ್ಲಿ ಔಟ್‌ಪುಟ್ ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ಮುಂದಿದ್ದ ಪ್ರೊಸೆಸರ್ ಬೂಟ್ ಆಗಲು ಶುರುಮಾಡುವುದು, ಸಾಯುವುದು, ಮತ್ತೆ ಶುರುಮಾಡುವುದು. ಮೆಮೊರಿಗೆ ಬರೆಯುವ ಬೋರ್ಡುಗಳಿಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ಪರಿಹಾರ ಒಂದೇ ರೆಸಿಸ್ಟರ್. ಔಟ್‌ಪುಟ್‌ನಿಂದ ಯುವಿ ಪಿನ್‌ಗೆ 10 ಮೆಗಾ ಓಮ್. ಆನ್ ಇರುವಾಗ ಅದು ಪಿನ್ನನ್ನು ಮೇಲಕ್ಕೆ ಎಳೆಯುತ್ತದೆ, ಆಫ್ ಆದಾಗ ಕೆಳಕ್ಕೆ. ಯುವಿಗೆ ಮೇಲೆ 2.05 ಮೆಗಾ, ಕೆಳಗೆ 100 ಕಿಲೋ ಹಾಕಿದರೆ ಟ್ರಿಪ್ 9.0ರಲ್ಲೇ ಉಳಿಯುತ್ತದೆ, ವಾಪಸ್ ಆನ್ ಆಗುವುದು 11.4ಕ್ಕೆ ಏರುತ್ತದೆ. ಔಟ್‌ಪುಟ್ ಕೆಪಾಸಿಟರ್ ಖಾಲಿಯಾದ ಮೇಲೇ ಈ ಅಂತರ ಪೂರ್ತಿ ಸಿಗುವುದು. ಲೋಡ್ ತೀರಾ ಹಗುರವಾಗಿದ್ದರೆ ಇದನ್ನು ಗಮನಿಸಿ.

ಹೀಗೆ ಮಾಡಲು ಮೂರು ರೆಸಿಸ್ಟರ್‌ಗಳ ಸಾಲನ್ನು ಬಿಟ್ಟು ಯುವಿಗೆ ಬೇರೆ, ಓವಿಗೆ ಬೇರೆ ಡಿವೈಡರ್ ಹಾಕಬೇಕು. ಈಗ ನಾನು ಎಲ್ಲ ಬೋರ್ಡಿಗೂ ಹಾಗೇ ಮಾಡುವುದು. ಇನ್ನೊಂದು ಲಾಭವೂ ಇದೆ. ಮೋಟಾರ್ ಶುರುವಾದಾಗಿನ ಸಣ್ಣ ಕುಸಿತಕ್ಕೆ ಟ್ರಿಪ್ ಆಗದಿರಲಿ ಅಂತ ಯುವಿ ಪಿನ್‌ಗೆ ಕೆಪಾಸಿಟರ್ ಕೊಡಬಹುದು. ಓವಿ ಪಿನ್‌ಗೆ ಮಾತ್ರ ಕೊಡಬೇಡಿ. 56 ಕಿಲೋ ಓಮ್ ಜೊತೆ 1 ನ್ಯಾನೋಫ್ಯಾರಡ್ ಸೇರಿದರೂ ಟೈಮ್ ಕಾನ್‌ಸ್ಟಂಟ್ (ಪಿನ್ ಎಷ್ಟು ತಡವಾಗಿ ಬದಲಾಗುತ್ತದೆ ಅನ್ನುವ ಅಳತೆ) 56 ಮೈಕ್ರೋಸೆಕೆಂಡ್. ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಆಫ್ ಮಾಡಬಲ್ಲ ಐಸಿಯ ಕೈಕಾಲು ಕಟ್ಟಿದ ಹಾಗೆ.

ಅಂದಹಾಗೆ, ಈ 9 ವೋಲ್ಟ್ ಮಿತಿ ಲೋಡ್ ಉಳಿಸುವುದಕ್ಕೆ. ವೋಲ್ಟೇಜ್ ಇಳಿದಂತೆ ಕನ್ವರ್ಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಬ್ಯಾಟರಿಯನ್ನು ಉಳಿಸಬೇಕಾದರೆ ಮಿತಿ 10.5ರ ಮೇಲೇ ಇರಬೇಕು.

ಮೆಗಾ ಓಮ್ ರೆಸಿಸ್ಟರ್ ಹಾಕಿದ ಕಡೆ ಬೆಸುಗೆಯ ಫ್ಲಕ್ಸ್ ಪೂರ್ತಿ ತೊಳೆಯಿರಿ. ಉಳಿದ ಫ್ಲಕ್ಸ್ ತೇವ ಹೀರಿಕೊಂಡರೆ ಅದೇ ಒಂದು ರೆಸಿಸ್ಟರ್ ಆಗಿ ಮಿತಿ ಜಾರುತ್ತದೆ. ತೊಳೆದ ಮೇಲೆ ಬೆಂಚ್ ಸಪ್ಲೈ ನಿಧಾನಕ್ಕೆ ಏರಿಸಿ, ಇಳಿಸಿ, ಎರಡೂ ಮಿತಿಗಳ ಟ್ರಿಪ್ ಮತ್ತು ವಾಪಸ್ ಆನ್, ಹೀಗೆ ನಾಲ್ಕೂ ವೋಲ್ಟೇಜ್ ಅಳೆದು ಬೋರ್ಡಿನ ಜೊತೆಗೇ ಬರೆದಿಡುತ್ತೇನೆ.

ಇದಕ್ಕೆ ಕರೆಂಟ್ ಮಿತಿ ಇಲ್ಲ. ಔಟ್‌ಪುಟ್ ಶಾರ್ಟ್ ಆದರೆ ಮಾಸ್ಫೆಟ್ ಸುಡಬಹುದು. ಬ್ಯಾಟರಿ ಕಡೆ ಒಂದು ಫ್ಯೂಸ್ ಹಾಕಲೇಬೇಕು.