ಒತ್ತಿ ಓಡಿಸುವವರಿಗೆ ಯಾವ ಕಾರು? ಟರ್ಬೊ ಮತ್ತು ಟರ್ಬೊ ಇಲ್ಲದ್ದರ ಮೈಲೇಜ್ ಹೋಲಿಕೆ

ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿಯನ್ನು ಬಲವಂತವಾಗಿ ತುಂಬುವ ಯಂತ್ರ. ನಾನು ಅದು ಇಲ್ಲದ ಕಾರನ್ನೇ ಕೊಂಡೆ. ಕೊಂಡಿದ್ದು ಸರಿಯಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಯಾರ ಪರ ಅನ್ನುವುದು ಮುಂದೆ ಹೇಗಿದ್ದರೂ ಗೊತ್ತಾಗುತ್ತದೆ.

ನನ್ನದು ಎರಡು ಲೀಟರ್ ಪೆಟ್ರೋಲ್ ಇಂಜಿನ್ನಿನ ಎರಡು ಸೀಟಿನ ಕಾರು. ಬಟ್ಟೆಯ ಮೇಲ್ಛಾವಣಿ, ಒಂದು ಟನ್‌ಗಿಂತ ಸ್ವಲ್ಪವೇ ಜಾಸ್ತಿ ತೂಕ. ತಮ್ಮನ ಬಳಿ ಇರುವುದು 1.6 ಲೀಟರ್ ಟರ್ಬೊ ಹ್ಯಾಚ್‌ಬ್ಯಾಕ್, ನನ್ನ ಕಾರಿಗಿಂತ ಇನ್ನೂರು ಕಿಲೋಗೂ ಮೀರಿ ಭಾರ. ಎರಡೂ ಮ್ಯಾನುಯಲ್ ಗೇರ್. ಇಬ್ಬರೂ ಆಗಾಗ ಕೀ ಬದಲಾಯಿಸಿಕೊಳ್ಳುತ್ತೇವೆ. ಹೀಗಾಗಿ ಎರಡೂ ಟ್ಯಾಂಕುಗಳ ಹೊಟ್ಟೆಬಾಕತನ ನನಗೆ ಚೆನ್ನಾಗಿ ಗೊತ್ತು. ಕುದುರೆಶಕ್ತಿ ಎಷ್ಟು, ನೂರು ಮುಟ್ಟಲು ಎಷ್ಟು ಸೆಕೆಂಡು ಅನ್ನುವುದೆಲ್ಲ ಯಾವ ಪುಟದಲ್ಲಾದರೂ ಸಿಗುತ್ತದೆ, ಅದನ್ನು ಬಿಡೋಣ.

ಕಂಪನಿ ಹೇಳುವ ಮೈಲೇಜ್ ಎರಡಕ್ಕೂ ಹೆಚ್ಚು ಕಮ್ಮಿ ಒಂದೇ. ಲೀಟರಿಗೆ 15ರ ಆಸುಪಾಸು, ಟರ್ಬೊಗೆ ಅರ್ಧ ಕಿ.ಮೀ. ಜಾಸ್ತಿ. ಈ ಅಂಕಿ ಬರುವುದು ಡಬ್ಲ್ಯುಎಲ್‌ಟಿಪಿ ಅನ್ನುವ ಪರೀಕ್ಷೆಯಿಂದ. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ಹಳೆಯ ಎನ್‌ಇಡಿಸಿ ಪರೀಕ್ಷೆಯ ಜಾಗಕ್ಕೆ ಬಂದಿದ್ದು ಇದು. ಹಳೆಯದಕ್ಕಿಂತ ಎಷ್ಟೋ ವಾಸಿ. ಆದರೂ ಇಡೀ ಪರೀಕ್ಷೆ ಅರ್ಧ ಗಂಟೆಯದು, ಸುಮಾರು 23 ಕಿ.ಮೀ., ಸರಾಸರಿ ವೇಗ ಗಂಟೆಗೆ 46 ಕಿ.ಮೀ. ಚೂರು ಹೆಚ್ಚು. ಕಾರು ನಿಂತಿರುವುದು ಪ್ರಯೋಗಾಲಯದ ರೋಲರುಗಳ ಮೇಲೆ. ಎ.ಸಿ. ಬಂದ್. ಏರು ಇಲ್ಲ, ಇಳಿಜಾರು ಇಲ್ಲ. ಮೂರನೇ ಗೇರಿನಲ್ಲಿ ಇಂಜಿನ್ನನ್ನು ಕೆಂಪು ಗೆರೆಯವರೆಗೆ ಎಳೆಯುವವರೂ ಅಲ್ಲಿಲ್ಲ. ಆದರೆ ಸ್ಪೋರ್ಟಿ ಕಾರು ಕೊಳ್ಳುವುದೇ ಅದಕ್ಕಲ್ವಾ?

ಮೊದಲು ಟರ್ಬೊ ಗೆಲ್ಲುವ ಕಡೆ ನೋಡೋಣ. ಹೈವೇಯಲ್ಲಿ ಗಂಟೆಗೆ 90-100ರಲ್ಲಿ ಸಮನಾಗಿ ಹೋದರೆ ಅದು ಲೀಟರಿಗೆ 17 ಕೊಡುತ್ತದೆ. ನನ್ನದು 15.5. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ ಅಂಕಿಗಳಿವು, ಡ್ಯಾಶ್‌ಬೋರ್ಡ್ ಹೇಳಿದ್ದಲ್ಲ. ಇಷ್ಟು ಅಂತರಕ್ಕೆ ಕಾರಣ ಇದೆ. ಹೀಗೆ ಸಮನಾಗಿ ಹೋಗುವಾಗ ಇಂಜಿನ್ನಿಗೆ ಬೇಕಾದ ಶಕ್ತಿ ತೀರಾ ಕಡಿಮೆ. ಆಗ ದೊಡ್ಡ ಇಂಜಿನ್ನಿನಲ್ಲಿ ಥ್ರಾಟಲ್, ಅಂದರೆ ಗಾಳಿ ಒಳಬಿಡುವ ಬಾಗಿಲು, ಬಹುಪಾಲು ಮುಚ್ಚಿರುತ್ತದೆ. ಆ ಸಣ್ಣ ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಇಂಜಿನ್ ಒಂದಿಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಣ್ಣ ಇಂಜಿನ್ನಿನಲ್ಲಿ ಥ್ರಾಟಲ್ ಹೆಚ್ಚು ತೆರೆದಿರುವುದರಿಂದ ಈ ನಷ್ಟ ಕಡಿಮೆ. ಜೊತೆಗೆ ಟರ್ಬೊದ ಆರನೇ ಗೇರ್ ಉದ್ದ. ನೂರರ ವೇಗದಲ್ಲಿ ಅದು 2,200 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ನಿನ ಸುತ್ತು) ಹತ್ತಿರ ಹಾಯಾಗಿರುತ್ತದೆ. ನನ್ನದು ಆಗಲೇ 2,900ರಲ್ಲಿ ಗುಂಯ್‌ಗುಡುತ್ತಿರುತ್ತದೆ. ಉದ್ದದ ಪ್ರಯಾಣದಲ್ಲಿ ಈ ಸದ್ದು ಕಿವಿ ತಿನ್ನುತ್ತದೆ. ಏಳನೇ ಗೇರ್ ಒಂದಿದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈಗ ದಾರಿ ತಿರುವುಗಳದ್ದು, ಏರು ಇದೆ, ಖಾಲಿಯೂ ಇದೆ ಅಂತಿಟ್ಟುಕೊಳ್ಳಿ. ಅದೇ ಟರ್ಬೊ ಲೀಟರಿಗೆ 8ಕ್ಕೆ ಇಳಿಯುತ್ತದೆ. ನನ್ನದು 11ರಲ್ಲಿ ನಿಲ್ಲುತ್ತದೆ. ಎರಡನ್ನೂ ಓಡಿಸಿದ್ದು ಅದೇ ಮನುಷ್ಯ, ಅದೇ ದಾರಿ, ಅಷ್ಟೇ ಹುಮ್ಮಸ್ಸು.

ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿಯನ್ನು ಬಲವಂತವಾಗಿ ತುಂಬುವ ಯಂತ್ರ. ಗಾಳಿ ಹೆಚ್ಚಾದ ಹಾಗೆ ಪೆಟ್ರೋಲ್ ಕೂಡ ಹೆಚ್ಚಬೇಕು, ಇದು ಎಲ್ಲರಿಗೂ ಗೊತ್ತಿರುವ ಮಾತು. ಮುಖ್ಯ ವಿಷಯ ಇನ್ನೊಂದಿದೆ. ಸಾಮಾನ್ಯವಾಗಿ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಲೆಕ್ಕ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಹೊಗೆ ವಿಪರೀತ ಬಿಸಿಯಾಗಿ, ಆ ಹೊಗೆಯಿಂದಲೇ ತಿರುಗಿ ಟರ್ಬೊ ನಡೆಸುವ ಟರ್ಬೈನಿಗೂ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಅಪಾಯ. ಅದಕ್ಕೇ ಬಹಳಷ್ಟು ಟರ್ಬೊ ಇಂಜಿನ್ನುಗಳಲ್ಲಿ ಕಂಪ್ಯೂಟರ್ ಆಗ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಅನುಪಾತ 12ರ ಹತ್ತಿರ ಬರುತ್ತದೆ. ಆ ಹೆಚ್ಚುವರಿ ಪೆಟ್ರೋಲ್ ಕಾರನ್ನು ಮುಂದೆ ತಳ್ಳುವುದಕ್ಕಲ್ಲ. ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ, ಸುಮ್ನೆ ತಂಪು ಮಾಡುವುದಕ್ಕೆ. ಟರ್ಬೊ ಇಲ್ಲದ ಇಂಜಿನ್ನಿನಲ್ಲೂ ಪೂರ್ತಿ ಒತ್ತಿದಾಗ ಇದು ಸ್ವಲ್ಪ ಆಗುತ್ತದೆ, ಆದರೆ ಅಲ್ಲಿ ಕಾಪಾಡಬೇಕಾದ ಟರ್ಬೈನ್ ಇಲ್ಲ.

ಕಂಪ್ರೆಷನ್, ಅಂದರೆ ಹೊತ್ತಿಸುವ ಮುಂಚೆ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತಾರೆ ಅನ್ನುವ ವಿಷಯವೂ ಇದೆ. ಟರ್ಬೊ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 10:1ರ ಆಸುಪಾಸು ಇಡುತ್ತಾರೆ, ಇಲ್ಲದಿದ್ದರೆ ಒಳಗಿನ ಪೆಟ್ರೋಲ್ ತಾನಾಗೇ ಸಿಡಿದು ಇಂಜಿನ್ ನಾಕ್ ಮಾಡುತ್ತದೆ. ಟರ್ಬೊ ಇಲ್ಲದ ಇವತ್ತಿನ ಒಳ್ಳೆಯ ಇಂಜಿನ್ನುಗಳು ಇದರಲ್ಲಿ ಬಹಳ ಮುಂದೆ ಹೋಗಿವೆ. ಎರಡು ಸೀಟಿನ ಮಜ್ದಾ ಎಂಎಕ್ಸ್-5 ಕಾರಿನ ಎರಡು ಲೀಟರ್ ಇಂಜಿನ್ನಿನಲ್ಲಿ 13:1 ಇದೆ. ಕಂಪ್ರೆಷನ್ ಹೆಚ್ಚಿದ್ದಷ್ಟೂ ಅದೇ ಪೆಟ್ರೋಲಿನಿಂದ ಸಿಗುವ ಕೆಲಸ ಹೆಚ್ಚು.

ಇದೆಲ್ಲಕ್ಕಿಂತ ದೊಡ್ಡದು ತೂಕ. ಪ್ರತಿ ತಿರುವಿನ ಮುಂದೆ ಬ್ರೇಕ್ ಹಾಕಿ, ದಾಟಿದ ಮೇಲೆ ಮತ್ತೆ ವೇಗ ಹಿಡಿಯಬೇಕು. ಬ್ರೇಕ್ ಹಾಕಿದಾಗಲೆಲ್ಲ ಪೆಟ್ರೋಲ್ ಸುಟ್ಟು ಗಳಿಸಿದ ವೇಗ ಬಿಸಿಯಾಗಿ ಹಾರಿಹೋಗುತ್ತದೆ. ಇನ್ನೂರು ಕಿಲೋ ಜಾಸ್ತಿ ಇದ್ದರೆ ಆ ಇನ್ನೂರು ಕಿಲೋದ ದಂಡವನ್ನು ಪ್ರತಿ ತಿರುವಿನಲ್ಲೂ ಕಟ್ಟಬೇಕು. ಪ್ರಯೋಗಾಲಯದ ಪರೀಕ್ಷೆಯಲ್ಲೂ ತೂಕದ ಲೆಕ್ಕ ಇದೆ, ಆದರೆ ಅಲ್ಲಿ ಇಷ್ಟು ಜೋರಾಗಿ ಬ್ರೇಕ್ ತುಳಿಯುವವರಿಲ್ಲ. 1989ರಲ್ಲಿ ಬಂದ ಮೊದಲ ಎಂಎಕ್ಸ್-5 ಒಂದು ಟನ್ನೂ ತೂಗುತ್ತಿರಲಿಲ್ಲ. ಈಗಿನದು ಏರ್‌ಬ್ಯಾಗ್, ಎಲೆಕ್ಟ್ರಾನಿಕ್ಸ್ ಎಲ್ಲ ಹೊತ್ತುಕೊಂಡೂ ಅಲ್ಲಿಂದ ಹೆಚ್ಚು ದೂರ ಹೋಗಿಲ್ಲ. ಈ ಜಾತಿಯ ಕಾರುಗಳ ಮೇಲೆ ನನಗಿರುವ ಮೋಹಕ್ಕೆ ಇದೂ ಒಂದು ಕಾರಣ.

ಇನ್ನು ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ: ಟರ್ಬೊ ಕಾರಿನ ಮೈಲೇಜ್ ಪರದೆ.

"ನೋಡಣ್ಣ, ಹದಿನೆಂಟು ದಾಟಿದೆ," ಅಂತ ತಮ್ಮ ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸುತ್ತಾನೆ. ಟ್ಯಾಂಕ್ ತುಂಬಿಸಿ ಭಾಗಿಸಿದರೆ 17 ಬರುತ್ತದೆ. ಇದು ಒಂದು ಸಲದ ಕಥೆಯಲ್ಲ. ಆ ಪರದೆ ಯಾವಾಗಲೂ ಏಳೆಂಟು ಶೇಕಡ ಜಾಸ್ತಿಯೇ ಹೇಳುತ್ತದೆ. ನನ್ನ ಕಾರಿನದೂ ಜಾಸ್ತಿ ಹೇಳುತ್ತದೆ, ಆದರೆ ಎರಡು ಮೂರು ಶೇಕಡ ಮಾತ್ರ.

ಪರದೆ ಪೆಟ್ರೋಲನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿದ್ದವು, ಆಗ ಒತ್ತಡ ಎಷ್ಟಿತ್ತು ಅನ್ನುವುದರಿಂದ ಲೆಕ್ಕ ಕಟ್ಟುತ್ತದೆ. ದೂರವನ್ನು ಚಕ್ರದ ಸುತ್ತುಗಳಿಂದ ತೆಗೆದುಕೊಳ್ಳುತ್ತದೆ. ಚಕ್ರದ ಲೆಕ್ಕದಲ್ಲೂ ಮೋಸ ಇದೆ. ಹೊಸ ಟೈರಿನ ಗೀರುಗಳು ಸುಮಾರು 8 ಮಿ.ಮೀ. ಆಳ ಇರುತ್ತವೆ. ಸವೆದು 1.6 ಮಿ.ಮೀ.ಗೆ ಬರುವಷ್ಟರಲ್ಲಿ ಟೈರಿನ ಸುತ್ತಳತೆ ಎರಡು ಶೇಕಡದಷ್ಟು ಇಳಿದಿರುತ್ತದೆ. ಅಂದರೆ ಕಾರು 98 ಕಿ.ಮೀ. ಹೋದರೂ ಓಡೋಮೀಟರ್ ನೂರು ಅನ್ನುತ್ತದೆ. ತಮ್ಮನ ಟೈರು ಚೆನ್ನಾಗಿಯೇ ಸವೆದಿವೆ. ಆ ಎರಡು ಶೇಕಡ ನನ್ನ ಭಾಗಾಕಾರದೊಳಗೂ ನುಸುಳಿರುತ್ತದೆ. ಅವನ 17ರಲ್ಲಿ ಚೂರು ಗಾಳಿ ಇದೆ ಅಂತ ನನಗೆ ಗೊತ್ತು, ಅವನಿಗೆ ಹೇಳಿಲ್ಲ.

ಹಾಗಂತ ಟ್ಯಾಂಕ್ ತುಂಬಿಸುವ ವಿಧಾನವೂ ಸಾಚಾ ಅಲ್ಲ. ನಳಿಕೆ ಎಲ್ಲಿ ಕಟ್ ಆಗುತ್ತದೆ ಅನ್ನುವುದು ನೊರೆ, ನೆಲದ ಓರೆ, ಪೆಟ್ರೋಲ್ ಸುರಿಯುವ ವೇಗ ಎಲ್ಲದರ ಮೇಲೆ ನಿಂತಿದೆ. ಮೂವತ್ತು ಲೀಟರಿಗೆ ಒಂದು ಲೀಟರ್ ಆಚೆ ಈಚೆ ಆದರೂ ಮೂರು ಶೇಕಡ ತಪ್ಪಾಯಿತು. ಅದಕ್ಕೇ ಒಂದು ಟ್ಯಾಂಕಿನ ಅಂಕಿಯನ್ನು ನಾನು ನಂಬುವುದಿಲ್ಲ. ಒಂದರ ಹಿಂದೆ ಒಂದು ಫುಲ್ ಟ್ಯಾಂಕುಗಳ ಲೀಟರುಗಳನ್ನೆಲ್ಲ ಕೂಡಿಸಿ, ಓಡಿದ ಒಟ್ಟು ದೂರವನ್ನು ಅದರಿಂದ ಭಾಗಿಸುತ್ತೇನೆ. ಆಗ ಒಂದೊಂದು ಸಲದ ಏರುಪೇರು ಕರಗಿಹೋಗುತ್ತದೆ.

ಪರದೆಯ ಇನ್ನೊಂದು ಚೇಷ್ಟೆ, ಉಳಿದ ದೂರ ತೋರಿಸುವುದು. ಅದು ಇತ್ತೀಚೆಗೆ ಓಡಿಸಿದ ರೀತಿಯನ್ನು ನೋಡಿ ಹೇಳುತ್ತದೆ. ಹೈವೇಯಿಂದ ಇಳಿದಾಗ ಟರ್ಬೊ ತುಂಬು ಧೈರ್ಯದಿಂದ ಇನ್ನೂ ನಾನೂರು ಕಿ.ಮೀ. ಇದೆ ಅನ್ನುತ್ತದೆ. ಬೆಟ್ಟದ ದಾರಿ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಅಂಕಿ ಕಣ್ಣೆದುರೇ ಕುಸಿಯುತ್ತದೆ. ಒಂದು ಕಿಲೋಮೀಟರ್ ಓಡಿದರೆ ಮೂರು ಕಿಲೋಮೀಟರ್ ಮಾಯ. ಇಳಿಯುವಾಗ ಕಾಲು ತೆಗೆದರೆ ಮತ್ತೆ ಮೇಲೇರುತ್ತದೆ. ಮುಂದಿನ ಬಂಕ್ ಎಲ್ಲಿದೆ ಅಂತ ಗೊತ್ತಿಲ್ಲದ ದಾರಿಯಲ್ಲಿ ಇದಕ್ಕಿಂತ ಕಿರಿಕಿರಿ ಬೇರೆ ಇಲ್ಲ. ನನ್ನ ಕಾರಿನ ಟ್ಯಾಂಕ್ ಚಿಕ್ಕದು, ನಿಜ. ಆದರೆ ಅದು ಹೇಳುವ ದೂರಕ್ಕೂ ಹೋಗುವ ದೂರಕ್ಕೂ ತಾಳ ಇದೆ.

ಉಳಿದವು ಚುಟುಕಾಗಿ. ಟ್ರಾಫಿಕ್‌ನಲ್ಲಿ ಎರಡೂ ಹತ್ತರ ಆಸುಪಾಸು, ಹೇಳುವಂಥ ವ್ಯತ್ಯಾಸ ಇಲ್ಲ. ಇಂಜಿನ್ ಬಿಸಿಯಾಗದ ಚಿಕ್ಕ ಓಡಾಟದಲ್ಲಿ ಎರಡೂ ಸಮನಾಗಿ ಕುಡಿಯುತ್ತವೆ. ಟರ್ಬೊದ ಕೈಪಿಡಿ 98 ಆಕ್ಟೇನ್ (ನಾಕ್ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿ ಅನ್ನುತ್ತದೆ. 95 ಹಾಕಿದರೂ ಓಡುತ್ತದೆ, ಆದರೆ ನಾಕ್ ತಪ್ಪಿಸಲು ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ. ಒತ್ತಿದಾಗ ಎಳೆತವೂ ಕಡಿಮೆ, ಮೈಲೇಜೂ ಕಡಿಮೆ. ನನ್ನದು 95ರಲ್ಲೇ ಸಂತೋಷವಾಗಿದೆ, ಖರ್ಚಿನ ಲೆಕ್ಕದಲ್ಲಿ ಇದೇನು ಸಣ್ಣದಲ್ಲ. ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಎರಡಕ್ಕೂ ಪೆಟ್ಟು, ಯಾಕೆಂದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ವೇಗವನ್ನು ನೂರರಿಂದ 130ಕ್ಕೆ ಏರಿಸಿದರೆ ಗಾಳಿಯ ತಡೆ ಸುಮಾರು 70 ಶೇಕಡ ಏರುತ್ತದೆ, ಅಲ್ಲಿ ಯಾವ ಇಂಜಿನ್ನೂ ಜಾದೂ ಮಾಡಲಾರದು. ಮೇಲ್ಛಾವಣಿ ಮಡಚಿಕೊಂಡು ಹೈವೇಯಲ್ಲಿ ಹೋದರೆ ನನ್ನ ಮೈಲೇಜ್ ಇನ್ನೂ ಇಳಿಯುತ್ತದೆ. ಇಳಿಯಲಿ ಬಿಡಿ, ಅದಕ್ಕೇ ತಾನೇ ಕೊಂಡಿದ್ದು.

ತಮ್ಮನ ವಾದ ಏನೆಂದರೆ 17 ಮತ್ತು 8ರ ಸರಾಸರಿ ಹನ್ನೆರಡೂವರೆ, 15.5 ಮತ್ತು 11ರದ್ದು ಹದಿಮೂರೂ ಕಾಲು, ಇಷ್ಟಕ್ಕೆ ಯಾಕೆ ಜಗಳ ಅಂತ. ಮೈಲೇಜನ್ನು ಹಾಗೆ ಸರಾಸರಿ ಮಾಡುವಂತಿಲ್ಲ. ಲೀಟರಿನಲ್ಲಿ ನೋಡಬೇಕು. ನೂರು ಕಿ.ಮೀ. ಹೈವೇಗೆ ಟರ್ಬೊ 5.9 ಲೀಟರ್, ನೂರು ಕಿ.ಮೀ. ಬೆಟ್ಟಕ್ಕೆ 12.5 ಲೀಟರ್. ಇನ್ನೂರಕ್ಕೆ 18.4 ಆಯಿತು, ಅಂದರೆ ಲೀಟರಿಗೆ ಹನ್ನೊಂದೂ ಇಲ್ಲ. ನನ್ನದು 6.5 ಮತ್ತು 9.1, ಒಟ್ಟು 15.6. ಲೀಟರಿಗೆ ಹದಿಮೂರಕ್ಕೆ ಹತ್ತಿರ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಹೈವೇಯಲ್ಲಿ ಟರ್ಬೊ ನನಗಿಂತ ಉಳಿಸುವುದು ನೂರು ಕಿ.ಮೀ.ಗೆ ಅರ್ಧ ಲೀಟರಿಗಿಂತ ಚೂರು ಜಾಸ್ತಿ. ಬೆಟ್ಟದಲ್ಲಿ ಜಾಸ್ತಿ ಕುಡಿಯುವುದು ಸುಮಾರು 3.4 ಲೀಟರ್. ಒಂದು ನೂರು ಕಿ.ಮೀ. ಒತ್ತಿ ಓಡಿಸಿದ್ದನ್ನು ಸರಿದೂಗಿಸಲು ಟರ್ಬೊ ಆರು ನೂರು ಕಿ.ಮೀ. ಹೈವೇಯಲ್ಲಿ ಸಾಧುವಾಗಿ ಹೋಗಬೇಕು.

ನನ್ನ ಓಡಾಟ ಹಾಗಿಲ್ಲ. ವಾರದ ದಿನ ನಾನು ಕಾರು ಮುಟ್ಟುವುದೇ ಕಡಿಮೆ. ಮುಟ್ಟಿದರೆ ತಿರುವಿನ ದಾರಿಗೇ ಹೋಗುವುದು. ತಿಂಗಳಿಗೆ ಇಷ್ಟೇ ಲೀಟರ್ ಅಂತ ಗೆರೆ ಹಾಕಿಕೊಂಡಿದ್ದೇನೆ, ಆ ಗೆರೆಯೊಳಗೆ ಹಗುರದ ಕಾರು ನನಗೆ ಹೆಚ್ಚು ತಿರುವುಗಳನ್ನು ಕೊಡುತ್ತದೆ. ತಮ್ಮನದು ಬೇರೆ ಥರ. ದಿನಾ ಹೈವೇಯಲ್ಲಿ ಕೆಲಸಕ್ಕೆ ಹೋಗಿ ಬರುತ್ತಾನೆ, ಹಿಂದಿನ ಸೀಟಿನಲ್ಲಿ ಮಕ್ಕಳು, ಕಾಲೂ ನನ್ನಷ್ಟು ಭಾರ ಇಲ್ಲ. ಅವನಿಗೆ ಟರ್ಬೊ ಸರಿಯೇ. ಟೈರ್ ಬದಲಾಯಿಸಿದ ಮೇಲೆ ಅವನ 17 ಎಷ್ಟಾಗುತ್ತದೆ ಅಂತ ನೋಡಬೇಕು, ನನ್ನ ಲೆಕ್ಕದಲ್ಲಿ 16.7.